ಮಿದುಳಿನ ನಕ್ಷತ್ರಗಳನ್ನು ತೋರಿಸಿದ ಕಹಾಲ್

ಸಾಂಟಿಯಾಗೊ ರಾಮೋನ್ ಇ ಕಹಾಲ್ 1852ರ ಮೇ 1ರಂದು ಸ್ಪೇನ್ ದೇಶದ ಪೆಟಿಲ್ಲಾ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ವೈದ್ಯರು. ಮಗನೂ ವೈದ್ಯನಾಗಬೇಕೆಂಬುದು ಅವರ ಹಠ. ಮಗನಿಗೋ ಸದಾ ಚಿತ್ರ ಬಿಡಿಸುವ ಗೀಳು. ಓದಿನಲ್ಲಿ ಗಮನವಿಲ್ಲದ ಮಗನನ್ನು ತಂದೆ ಮೊದಲು ಕ್ಷೌರಿಕರ ಬಳಿ, ಆಮೇಲೆ ಪಾದರಕ್ಷೆ ಹೊಲಿಯುವವರ ಬಳಿ ಕೆಲಸಕ್ಕೆ ಬಿಟ್ಟರು. ಆದರೂ ಗೀಳು ಹೋಗಲಿಲ್ಲ. ಕೊನೆಗೆ ತಂದೆ ಸ್ಮಶಾನದಿಂದ ಹಳೆಯ ಮೂಳೆಗಳನ್ನು ತಂದು ಮಗನಿಗೆ ಪಾಠ ಹೇಳಿದರು. ಮೂಳೆಗಳ ಚಿತ್ರ ಬರೆಯುತ್ತಾ ಹುಡುಗನಿಗೆ ದೇಹರಚನೆಯಲ್ಲಿ ಆಸಕ್ತಿ ಹುಟ್ಟಿತು.

1873ರಲ್ಲಿ ಕಹಾಲ್ ವೈದ್ಯರಾದರು. ಸೇನೆಯ ವೈದ್ಯರಾಗಿ ಕ್ಯೂಬಾಕ್ಕೆ ಹೋದಾಗ ಮಲೇರಿಯಾ ತಗುಲಿ ಬಹಳ ನರಳಿದರು. ಊರಿಗೆ ಮರಳಿದ ಮೇಲೆ ಒಂದು ಸೂಕ್ಷ್ಮದರ್ಶಕ ಕೊಂಡು ಸಂಶೋಧನೆಯಲ್ಲಿ ತೊಡಗಿದರು.

ಮಿದುಳಿನ ತೆಳು ಪದರವನ್ನು ಹಾಗೇ ನೋಡಿದರೆ ಕೋಶಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಬಣ್ಣ ಹಾಕಬೇಕು. ಇಟಲಿಯ ಗಾಲ್ಜಿ ಕಂಡುಹಿಡಿದಿದ್ದ ವಿಧಾನವನ್ನು ಕಹಾಲ್ ಸುಧಾರಿಸಿದರು. ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿಬಿಡಿಯಾದ ಕೋಶಗಳು ಎಂದು 1888ರಲ್ಲಿ ತೋರಿಸಿದರು. ಗಾಲ್ಜಿ ಇದನ್ನು ಒಪ್ಪಲಿಲ್ಲ. ಆದರೂ 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಹುಮಾನ ಬಂದಿತು!

ಕಹಾಲ್ ಅಲ್ಲಿಗೇ ನಿಲ್ಲಲಿಲ್ಲ. ನರಕೋಶಗಳ ನಡುವೆ ನಕ್ಷತ್ರದ ಆಕಾರದ ಬೇರೆ ಕೋಶಗಳಿವೆ. ಇವೇ ಆಸ್ಟ್ರೋಸೈಟ್‌ಗಳು. 1913ರಲ್ಲಿ ಚಿನ್ನ ಮತ್ತು ಪಾದರಸದ ಲವಣಗಳನ್ನು ಬಳಸಿ ಅವು ಎದ್ದು ಕಾಣುವಂತೆ ಮಾಡಿದರು, ಅವುಗಳ ಚಿತ್ರಗಳನ್ನೂ ಬರೆದರು. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ನಿಧನರಾದರು.

ಈ ನಕ್ಷತ್ರಕೋಶಗಳ ಕೆಲಸವೇನು? ನರಕೋಶಗಳು ಸಂದೇಶ ಕಳಿಸಿದ ಮೇಲೆ ಉಳಿಯುವ ರಾಸಾಯನಿಕಗಳನ್ನು ಅವು ಹೀರಿಕೊಳ್ಳುತ್ತವೆ. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಒಂದು ವಂಶವಾಹಿಯ ದೋಷದಿಂದ ಬರುತ್ತದೆ. ಇದಿರುವ ಅನೇಕ ಮಕ್ಕಳಿಗೆ ಮೂರ್ಛೆ ಬರುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆ ಮಾಡಿ ಮಿದುಳಿನ ದೋಷವಿರುವ ಚಿಕ್ಕ ಭಾಗವನ್ನು ತೆಗೆಯುತ್ತಾರೆ. ಅದನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಊದಿಕೊಂಡ, ವಿಕಾರವಾದ ನಕ್ಷತ್ರಕೋಶಗಳು ಕಂಡಿವೆ. ಅವು ರಾಸಾಯನಿಕಗಳನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆಗ ಅಕ್ಕಪಕ್ಕದ ನರಕೋಶಗಳು ಮಿತಿಮೀರಿ ಕೆರಳುತ್ತವೆ. ಮೂರ್ಛೆ ಬರಲು ಇದೂ ಒಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಮಕ್ಕಳೇ, ಮೂರ್ಛೆರೋಗ ದೆವ್ವದ ಕಾಟವಲ್ಲ, ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಅದು ಮಿದುಳಿನ ಕಾಯಿಲೆ, ಅದಕ್ಕೆ ಔಷಧವಿದೆ. ಮೂರ್ಛೆ ಬರುವ ಗೆಳೆಯರನ್ನು ದೂರವಿಡಬೇಡಿ, ಜೊತೆಯಲ್ಲೇ ಆಡಿ.