ಶಿಕ್ಷಕರಿಗೆ ಮೊದಲು ಪಾಠ ಹೇಳಿದ ವೈದ್ಯೆ ಮರಿಯಾ ಮಾಂಟೆಸ್ಸರಿ

ಮಾಂಟೆಸ್ಸರಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನರ್ಸರಿ ಶಾಲೆಯ ಬೋರ್ಡಿನ ಮೇಲಿನ ಒಂದು ಹೆಸರು. ಆದರೆ ಆ ಹೆಸರಿನ ಮಹಿಳೆ ಕೆಲಸ ಆರಂಭಿಸಿದ್ದು, ಇವರಿಗೆ ವಿದ್ಯೆ ಹತ್ತುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಮಕ್ಕಳಿಂದ.

ಮರಿಯಾ ಮಾಂಟೆಸ್ಸರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಾಲೆ ಎಂಬ ಊರಿನಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದು ತೀರಾ ಅಪರೂಪವಾಗಿದ್ದ ಕಾಲವದು. ತಂದೆಗೆ ಇಷ್ಟವಿಲ್ಲದಿದ್ದರೂ ಛಲ ಬಿಡದೆ ಓದಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಅಲ್ಲಿನ ಮನೋರೋಗ ವಿಭಾಗದಲ್ಲಿ ಕೆಲಸ ಮಾಡುವಾಗ, ಬುದ್ಧಿಮಾಂದ್ಯರೆಂದು ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕಿದ್ದ ಮಕ್ಕಳನ್ನು ಕಂಡರು. ಈ ಮಕ್ಕಳಿಗೆ ಔಷಧಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಸರಿಯಾದ ಶಿಕ್ಷಣ ಎಂಬುದು ಅವರಿಗೆ ಮನವರಿಕೆಯಾಯಿತು.

1898ರಲ್ಲಿ ಟ್ಯೂರಿನ್ ನಗರದ ಶಿಕ್ಷಣ ಸಮ್ಮೇಳನದಲ್ಲಿ ಅವರು ಇದೇ ಮಾತನ್ನು ಮುಂದಿಟ್ಟು, ಇಂಥ ಮಕ್ಕಳಿಗೆ ಪ್ರತ್ಯೇಕ ತರಗತಿಗಳೂ ಅವರಿಗೆ ಕಲಿಸುವವರಿಗೆ ವಿಶೇಷ ತರಬೇತಿಯೂ ಬೇಕೆಂದು ವಾದಿಸಿದರು. 1900ರಲ್ಲಿ ರೋಮ್‌ನಲ್ಲಿ ಶಿಕ್ಷಕರಿಗೆ ತರಬೇತಿ ನೀಡುವ ಸಂಸ್ಥೆ ಆರಂಭವಾದಾಗ ಅದರ ಇಬ್ಬರು ನಿರ್ದೇಶಕರಲ್ಲಿ ಅವರೂ ಒಬ್ಬರಾದರು. ಹಗಲೆಲ್ಲ ಮಕ್ಕಳ ಜೊತೆ ಕುಳಿತು ಕಲಿಸುತ್ತ, ರಾತ್ರಿ ಅಂದು ಕಂಡದ್ದನ್ನು ಬರೆದಿಡುತ್ತಿದ್ದರು. ಮರದಲ್ಲಿ ಮಾಡಿಸಿದ ಅಕ್ಷರಗಳ ಮೇಲೆ ಮಕ್ಕಳಿಂದ ಬೆರಳಾಡಿಸಿ ಓದು ಬರಹ ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳು ಬರೆಯುವ ಪರೀಕ್ಷೆಯಲ್ಲೇ ಪಾಸಾದರು. ಜನ ಇದನ್ನು ಪವಾಡವೆಂದರೆ, ಅವರಿಗೆ ಬೇರೆಯೇ ಚಿಂತೆ ಹತ್ತಿತು. ಆರೋಗ್ಯವಂತ ಮಕ್ಕಳು ಶಾಲೆಯಲ್ಲಿ ಇಷ್ಟೇ ಕಲಿಯುತ್ತಿದ್ದಾರೆಂದರೆ ಕಲಿಸುವ ರೀತಿಯಲ್ಲೇ ದೋಷವಿರಬೇಕಲ್ಲವೇ? ಈ ಪ್ರಶ್ನೆಯೇ 1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಝೋದಲ್ಲಿ ಅವರ ಮೊದಲ ಮಕ್ಕಳ ಮನೆಗೆ ದಾರಿಯಾಯಿತು. ಅಲ್ಲಿ ದುಬಾರಿ ಮರದ ಬದಲು ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿದರು.

1939ರಲ್ಲಿ, ತಮ್ಮ 69ನೇ ವಯಸ್ಸಿನಲ್ಲಿ, ಅವರು ಮದ್ರಾಸಿನ ಅಡ್ಯಾರಿಗೆ ಬಂದು ಸುಮಾರು 300 ಮಂದಿಗೆ ತರಬೇತಿ ಆರಂಭಿಸಿದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಅವರ ಓಡಾಟಕ್ಕೆ ನಿರ್ಬಂಧ ಹಾಕಿ, ಮಗ ಮಾರಿಯೋನನ್ನು ಬಂಧನದಲ್ಲಿಟ್ಟಿತು. ಅವರ 70ನೇ ಹುಟ್ಟುಹಬ್ಬದಂದು ಮಗನ ಬಿಡುಗಡೆಯಾಯಿತು. ಇಷ್ಟಾದರೂ ಪಾಠ ನಿಲ್ಲಲಿಲ್ಲ. ಭಾರತದಲ್ಲಿ ಅವರಿಂದ ಕಲಿತ ಶಿಕ್ಷಕರ ಸಂಖ್ಯೆ ಸಾವಿರ ದಾಟಿತು. 1952ರ ಮೇ 6ರಂದು ನೆದರ್ಲೆಂಡ್ಸ್‌ನಲ್ಲಿ ಅವರು ತೀರಿಕೊಂಡರು.

ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ ಬುದ್ಧಿಮಾಂದ್ಯತೆಯಲ್ಲ. ಬುದ್ಧಿ ಚುರುಕಾಗಿದ್ದರೂ ಓದು, ಬರಹ ಅಥವಾ ಲೆಕ್ಕ ಮಾತ್ರ ತೊಡಕಾಗುವ ಸ್ಥಿತಿ ಅದು. ಆದರೂ ಕಣ್ಣು, ಕಿವಿ, ಬೆರಳು ಮೂರನ್ನೂ ಬಳಸಿ ಅಕ್ಷರ ಕಲಿಸುವ ವಿಧಾನ ಇಂದು ಈ ಮಕ್ಕಳ ಪಾಠದಲ್ಲೂ ಬಳಕೆಯಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಈ ನ್ಯೂನತೆಯನ್ನು ತನ್ನ 21 ವಿಧಗಳಲ್ಲಿ ಸೇರಿಸಿದೆ.

ಕಾಯ್ದೆ ಬಂದರೆ ಸಾಲದು, ಗುರುತಿಸುವ ಕಣ್ಣು ತರಗತಿಯಲ್ಲಿರಬೇಕು. ಕನ್ನಡದ ‘ಪ’ ಮತ್ತು ‘ಷ’ ಒಂದು ಗೆರೆಯಲ್ಲಿ ಬೇರೆಯಾದರೆ, ಉರ್ದುವಿನ ಬೇ, ಪೇ, ತೇ ಬರೀ ಚುಕ್ಕೆಗಳಲ್ಲಿ ಬೇರೆಯಾಗುತ್ತವೆ. ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಓದಬೇಕು. ಎರಡನ್ನೂ ಕಲಿಯುವ ಮಗು ತಡವರಿಸಿದರೆ ಸೋಮಾರಿ, ದಡ್ಡ ಎನ್ನುವುದು ಸುಲಭ. ಪಿಯುಸಿ ಮುಗಿಸಿ ಡಿ.ಎಲ್.ಇಡಿ., ಬಿ.ಇಡಿ. ಸೇರಿ, ನಾಳೆ ಬಳ್ಳಾರಿಯಲ್ಲೋ ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಲ್ಲೋ ಪಾಠ ಮಾಡುವವರು ನಮ್ಮ ನಡುವೆಯೇ ಇದ್ದೀರಿ. ಆ ಮಗುವನ್ನು ಹಿಂದಿನ ಬೆಂಚಿಗೆ ಕಳಿಸುವ ಮೊದಲು, ಬೇರೆ ಹೇಗೆ ಕಲಿಸಬಹುದೆಂದು ಮಾಂಟೆಸ್ಸರಿಯವರಂತೆ ನಿಮ್ಮನ್ನೇ ಕೇಳಿಕೊಳ್ಳಿ.