ಅದರಗುಂಚಿಯ ರಾಜಮ್ಮ, ಪ್ರಭಾತದ ಮೈನಾ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಓಡಾಡುವ ನಮ್ಮ ಸದಸ್ಯೆಯರಿಗೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಗೇಟು ಪರಿಚಿತ. ಆ ಆವರಣ ಮೊದಲು ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೋ ಆಗಿತ್ತು. 1939ರಲ್ಲಿ ಅಲ್ಲಿ ತಯಾರಾದ 'ಮಾಣೂಸ್' ಚಿತ್ರದ ನಾಯಕಿ ನಮ್ಮ ಹುಬ್ಬಳ್ಳಿ ಕಡೆಯ ಹೆಣ್ಣುಮಗಳು ಎಂದರೆ ಈಗಲೂ ಹಲವರು ಹುಬ್ಬೇರಿಸುತ್ತಾರೆ. ಹೆಸರಿನಲ್ಲೇ ಊರಿದ್ದರೂ ಮರೆತಿದ್ದೇವೆ. ಅವರೇ ಶಾಂತಾ ಹುಬ್ಳೀಕರ್.

ಹುಟ್ಟಿದ್ದು 1914ರಲ್ಲಿ, ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ. ಮನೆಯಲ್ಲಿಟ್ಟ ಹೆಸರು ರಾಜಮ್ಮ. ತಿಳಿವಳಿಕೆ ಬರುವ ಮೊದಲೇ ತಂದೆ ತಾಯಿ ಇಬ್ಬರೂ ಇಲ್ಲವಾದರು. ಅಜ್ಜಿಯ ಆಸರೆಯಲ್ಲಿದ್ದ ಕೂಸು ಆಮೇಲೆ ಹುಬ್ಬಳ್ಳಿಯ ದೂರದ ಸಂಬಂಧಿಕರ ಮನೆ ಸೇರಿತು. ಅಲ್ಲಿ ಸಿಕ್ಕ ದೊಡ್ಡ ಭಾಗ್ಯವೆಂದರೆ ಹಿಂದುಸ್ತಾನಿ ಸಂಗೀತದ ಪಾಠ. ಕಂಠ ಚೆನ್ನಾಗಿತ್ತು, ಕಲಿಕೆಯೂ ಹತ್ತಿತು. ಆದರೆ ಹದಿನೆಂಟರ ಸುಮಾರಿಗೆ ಹುಡುಗಿಯನ್ನು ಬಹಳ ವಯಸ್ಸಾದವನೊಬ್ಬನಿಗೆ ಕೊಡುವ ಮಾತು ನಡೆಯಿತು.

ಆ ಕಾಲದಲ್ಲಿ ಇಂಥ ಮದುವೆಗಳು ಅಪರೂಪವೇನಲ್ಲ. ಹೆಣ್ಣುಮಕ್ಕಳು ತಲೆ ತಗ್ಗಿಸಿ ತಾಳಿ ಕಟ್ಟಿಸಿಕೊಳ್ಳುತ್ತಿದ್ದರು. ರಾಜಮ್ಮ ಮಾತ್ರ ಮನೆ ಬಿಟ್ಟು ಗದಗಿನ ಹಾದಿ ಹಿಡಿದು ನಾಟಕದ ಕಂಪನಿ ಸೇರಿದಳು. ಓದು ಕಡಿಮೆ, ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಯಾರೂ ಇಲ್ಲ. ನಾಟಕದ ಹೆಂಗಸು ಎಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ದಿನಗಳವು. ಮುಂದೆ ಪರದೆಯ ಮೇಲೆ ಅವರು ಮಾಡಿದ್ದೆಲ್ಲಕ್ಕಿಂತ ಈ ಒಂದು ಹೆಜ್ಜೆಯೇ ದೊಡ್ಡದೆಂದು ನನಗನಿಸುತ್ತದೆ.

ನಾಟಕದಿಂದ ಸಿನಿಮಾ, ಕೊಲ್ಲಾಪುರದ ಸ್ಟುಡಿಯೋಗಳು. ಕನ್ನಡದ ಮನೆಯಲ್ಲಿ ಬೆಳೆದ ನಾಲಿಗೆ ಮರಾಠಿಗೂ ಹಿಂದಿಗೂ ಪಳಗಬೇಕಿತ್ತು. ಪರಊರಿಗೆ ಬಂದು ಪಕ್ಕದ ಮನೆಯವರ ಭಾಷೆಯಲ್ಲಿ ತಡವರಿಸಿದ ನಮಗೆಲ್ಲ ಆ ಪಾಡು ಗೊತ್ತು. ಆದರೆ ಅವರು ತಡವರಿಸಬೇಕಾದದ್ದು ಕ್ಯಾಮೆರಾ ಮುಂದೆ! 1938ರಲ್ಲಿ ಪ್ರಭಾತದ 'ಮಾಝಾ ಮುಲ್ಗಾ' ಬಂತು. ಮರುವರ್ಷ ವಿ. ಶಾಂತಾರಾಂ ನಿರ್ದೇಶನದ 'ಮಾಣೂಸ್', ಹಿಂದಿಯಲ್ಲಿ 'ಆದ್ಮಿ'.

ಆ ಚಿತ್ರದಲ್ಲಿ ಅವರು ಮೈನಾ ಎಂಬ ವೇಶ್ಯೆ. ಪೊಲೀಸ್ ದಾಳಿಯಲ್ಲಿ ಸಿಕ್ಕಿಬೀಳುವವಳನ್ನು ಕಾನ್‌ಸ್ಟೇಬಲ್ ಒಬ್ಬ, ಅಂದರೆ ಶಾಹು ಮೋಡಕ್, ಪಾರುಮಾಡುತ್ತಾನೆ. ತನ್ನ ಮನೆಗೂ ಕರೆದೊಯ್ಯುತ್ತಾನೆ. ಆ ಮುಗ್ಧ ತಾಯಿಯ ಎದುರು ನಿಲ್ಲಲಾರದೆ ಮೈನಾ ಹೊರಟುಬಿಡುತ್ತಾಳೆ. ಕೊನೆಗೆ ಕೊಲೆಯೊಂದನ್ನು ಮಾಡಿ ಜೈಲಿಗೆ ಬಿದ್ದಾಗಲೂ, ಬಿಡಿಸುತ್ತೇನೆಂದು ಬಂದ ಅವನನ್ನು ವಾಪಸ್ ಕಳಿಸುತ್ತಾಳೆ. ಪ್ರೀತಿಸಿದವನ ಬಾಳು ಕೆಡಬಾರದೆಂಬ ಕಾಳಜಿ ಅವಳದು. ನಾಯಕಿಯರು ಸತಿ ಸಾವಿತ್ರಿಯರಾಗಲು ಹಾತೊರೆಯುತ್ತಿದ್ದ ಕಾಲದಲ್ಲಿ ಈ ಪಾತ್ರ ಒಪ್ಪುವುದಕ್ಕೂ ಧೈರ್ಯ ಬೇಕು. ಅದರಲ್ಲಿ ಮೈನಾ ಹಲವು ಭಾಷೆಗಳಲ್ಲಿ ಹಾಡುವ ಒಂದು ಹಾಡಿದೆ. ನಾಳೆಯ ಚಿಂತೆ ಏಕೆ ಎಂಬುದು ಅದರ ಭಾವ. ಹಾಡಿದವರೂ ಅವರೇ. ಹಾಡು ಮರಾಠಿ ಮನೆಮನೆಗೆ ಹೋಯಿತು.

ಅದೇ ವರ್ಷ ಮದುವೆ. 1942ರಲ್ಲಿ ಗುಬ್ಬಿ ವೀರಣ್ಣನವರ 'ಜೀವನ ನಾಟಕ'ದಲ್ಲಿ ಅಭಿನಯಿಸಿ ಕನ್ನಡಕ್ಕೂ ಬಂದರು. ಅವಕಾಶಗಳು ಕ್ರಮೇಣ ಕಡಿಮೆಯಾದವು.

ಇಳಿವಯಸ್ಸಿನಲ್ಲಿ ಮತ್ತೊಮ್ಮೆ ಮನೆ ಬಿಟ್ಟರು. ಹದಿನೆಂಟರಲ್ಲಿ ಬಿಟ್ಟದ್ದು ಒಂದು ಬಗೆ, ಕೂದಲು ನರೆತ ಮೇಲೆ ಬಿಡುವುದು ಇನ್ನೊಂದು. ಮುಂಬಯಿ ಕಡೆಯ ಮಹಿಳಾಶ್ರಮವೊಂದರಲ್ಲಿ, ತಾವು ಯಾರೆಂದು ಹೇಳಿಕೊಳ್ಳದೆ, ಎಲ್ಲರಂತೆ ಇದ್ದುಬಿಟ್ಟರು. ಅವರು ಬದುಕಿದ್ದಾರೆಂಬುದೇ ಹೊರಗಿನ ಬಹಳ ಜನಕ್ಕೆ ತಿಳಿದಿರಲಿಲ್ಲ. ಗುರುತು ಹೊರಬಿದ್ದ ಮೇಲೆ ಹಳೆಯ ಅಭಿಮಾನಿಗಳು ಹುಡುಕಿಕೊಂಡು ಬಂದರು, ಸತ್ಕಾರಗಳಾದವು. ಇಷ್ಟು ವರ್ಷ ಎಲ್ಲಿದ್ದರೋ ಇವರೆಲ್ಲ!

1990ರಲ್ಲಿ ಮರಾಠಿಯಲ್ಲಿ ಅವರ ಆತ್ಮಕಥೆ ಬಂತು. ಮೈನಾಳ ಆ ಹಾಡಿನ ಪಲ್ಲವಿಯನ್ನೇ ಹೆಸರಾಗಿಟ್ಟರು: 'ಕಶಾಲಾ ಉದ್ಯಾಚೀ ಬಾತ್'. ಎರಡು ವರ್ಷದ ನಂತರ, 1992ರ ಜುಲೈನಲ್ಲಿ, ತೀರಿಕೊಂಡರು. ಮರಾಠಿ ಓದಬಲ್ಲ ನಮ್ಮ ಸದಸ್ಯೆಯರು ಆ ಪುಸ್ತಕವನ್ನು ಹುಡುಕಿ ಓದಿರಿ. ಒಳಗಿರುವುದು ನಮ್ಮ ಹುಬ್ಬಳ್ಳಿಯ ಕಥೆಯೇ.