ರೆನಾಲ್ಡ್ ಜಾನ್ಸನ್

ಗಣಕಯಂತ್ರಕ್ಕೆ ಲೆಕ್ಕ ಮಾಡುವ ಶಕ್ತಿಯೊಂದಿದ್ದರೆ ಸಾಲದು, ನೆನಪೂ ಬೇಕು. ಲಕ್ಷಾಂತರ ಅಂಕಿ ಅಕ್ಷರಗಳನ್ನು ತನ್ನಲ್ಲಿರಿಸಿಕೊಂಡು, ಕೇಳಿದೊಡನೆ ಬೇಕಾದುದನ್ನು ಮಾತ್ರ ತೆಗೆದುಕೊಡುವ ನೆನಪು ಅದಾಗಿರಬೇಕು. ಅಂತಹ ನೆನಪನ್ನು ಕಾಂತೀಯ ತಟ್ಟೆಗಳ ರೂಪದಲ್ಲಿ ಒದಗಿಸಿದ ತಂಡದ ನಾಯಕರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದ ರೆನಾಲ್ಡ್ ಜಾನ್ಸನ್.

ಜಾನ್ಸನ್‌ರು ೧೯೦೬ರಲ್ಲಿ ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ, ಸ್ವೀಡನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಹುಡುಗನಾಗಿದ್ದಾಗ ಅವರು ಅಕ್ಕಂದಿರನ್ನು ಕಾಣಲು ಬರುತ್ತಿದ್ದ ತರುಣರ ಕಾರುಗಳಿಗೆ ಒಂದು ಕೀಟಲೆ ಮಾಡುತ್ತಿದ್ದರು. ಸ್ಪಾರ್ಕ್ ಪ್ಲಗ್ಗಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರೆ ವಿದ್ಯುತ್ತು ಆ ಗೆರೆಯ ಮೂಲಕವೇ ಹರಿದುಹೋಗಿ ಕಿಡಿ ಹುಟ್ಟದು, ಕಾರು ಹೊರಡದು.

೧೯೨೯ರಲ್ಲಿ ಪದವಿ ಪಡೆದು ಐರನ್‌ವುಡ್ ಎಂಬ ಊರಿನಲ್ಲಿ ವಿಜ್ಞಾನದ ಉಪಾಧ್ಯಾಯರಾದಾಗ ಈ ಕೀಟಲೆಯೇ ಅವರ ನೆರವಿಗೆ ಬಂದಿತು. ಉತ್ತರಪತ್ರಿಕೆಗಳನ್ನು ತಿದ್ದುವ ಬೇಸರದ ದುಡಿಮೆಯನ್ನು ಯಂತ್ರಕ್ಕೆ ವಹಿಸಬಾರದೇಕೆ ಎಂದು ಅವರು ಯೋಚಿಸಿದರು. ಸರಿಯುತ್ತರದ ಮುಂದೆ ಹಾಕಿದ ಪೆನ್ಸಿಲ್ ಗುರುತನ್ನು ವಿದ್ಯುತ್ತಿನಿಂದ ಅರಿತು ಅಂಕ ಕೊಡುವ ಯಂತ್ರವನ್ನು ರಚಿಸಿದರು. ಐಬಿಎಂ ಸಂಸ್ಥೆ ಅದನ್ನು ಮೊದಲು ಒಪ್ಪಲಿಲ್ಲ. ಮುಂದೆ ಮನಸ್ಸು ಬದಲಿಸಿ, ೧೯೩೪ರಲ್ಲಿ ಅವರನ್ನೇ ಕೆಲಸಕ್ಕೆ ತೆಗೆದುಕೊಂಡಿತು.

೧೯೫೨ರಲ್ಲಿ ಜಾನ್ಸನ್‌ರು ಸಂಸ್ಥೆಗಾಗಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದರು. ಆಗ ದಾಸ್ತಾನಿನ ಲೆಕ್ಕವೆಲ್ಲ ರಂಧ್ರ ಕೊರೆದ ಕಾರ್ಡುಗಳಲ್ಲಿ ಇರುತ್ತಿತ್ತು. ಒಂದು ಸರಕಿನ ವಿವರ ಬೇಕಾದರೆ ಗುಮಾಸ್ತರು ಪೆಟ್ಟಿಗೆಗಳಲ್ಲಿ ಹುಡುಕಿ ಕಾರ್ಡನ್ನು ಕೈಯಿಂದ ತೆಗೆಯಬೇಕು. ಕಾಂತೀಯ ಪಟ್ಟಿಯಲ್ಲಾದರೋ ನಡುವಣ ಒಂದು ಮಾತಿಗಾಗಿ ಸುರುಳಿಯನ್ನು ಮೊದಲಿನಿಂದ ಬಿಚ್ಚುತ್ತ ಹೋಗಬೇಕು. ಪುಸ್ತಕದ ಬೇಕಾದ ಪುಟವನ್ನು ನೇರವಾಗಿ ತೆರೆಯುವಂತೆ ದಾಖಲೆಯನ್ನು ತಲುಪುವ ಉಪಾಯವೇನು? ಹಲವರು ಸಂದೇಹಪಟ್ಟರೂ ಜಾನ್ಸನ್‌ರು ತಿರುಗುವ ತಟ್ಟೆಗಳನ್ನೇ ಆರಿಸಿಕೊಂಡರು.

೧೯೫೬ರಲ್ಲಿ ಹೊರಬಂದ ಆ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಲ್ಪಟ್ಟು ನಿಮಿಷಕ್ಕೆ ೧೨೦೦ ಸಲ ಸುತ್ತುತ್ತಿದ್ದವು. ಪ್ರತಿ ತಟ್ಟೆಯ ಎರಡು ಮುಖಗಳಿಗೂ ಕಬ್ಬಿಣದ ಆಕ್ಸೈಡಿನ ಲೇಪನ. ಪ್ರತಿ ಮುಖದಲ್ಲಿ ೧೦೦ ವೃತ್ತಾಕಾರದ ಪಥಗಳು. ಒಂದು ತೋಳು ಮೇಲೆ ಕೆಳಗೆ ಚಲಿಸಿ, ಬೇಕಾದ ತಟ್ಟೆಯೊಳಕ್ಕೆ ಸರಿದು, ಪಥವನ್ನು ಸೇರುತ್ತಿತ್ತು. ಅದರ ತುದಿಯ ಪುಟ್ಟ ವಿದ್ಯುತ್ಕಾಂತಗಳು ಲೇಪನದ ಮೇಲೆ ಗುರುತು ಮೂಡಿಸುತ್ತಿದ್ದವು, ಮೂಡಿದ್ದನ್ನು ಓದುತ್ತಿದ್ದವು. ಅವು ತಟ್ಟೆಗೆ ತಾಗಿದರೆ ಬರಹವೇ ಅಳಿದೀತು. ಆದುದರಿಂದ ಒತ್ತಡದ ಗಾಳಿಯ ತೆಳುವಾದ ಪದರವೊಂದು ಎರಡನ್ನೂ ಬೇರ್ಪಡಿಸಿತ್ತು. ಸುಮಾರು ಒಂದು ಟನ್ ತೂಕದ ಆ ಯಂತ್ರ ೫೦ ಲಕ್ಷ ಅಕ್ಷರಗಳನ್ನು ಹಿಡಿದಿಟ್ಟು, ಯಾವುದನ್ನೇ ಆಗಲಿ ಸರಾಸರಿ ಒಂದು ಸೆಕೆಂಡಿನೊಳಗೆ ಹುಡುಕಿಕೊಡುತ್ತಿತ್ತು.

೧೯೬೨ರಲ್ಲಿ ಬಂದ ಯಂತ್ರದಲ್ಲಿ ತಟ್ಟೆಗಳ ಕಟ್ಟನ್ನೇ ಹೊರತೆಗೆಯಬಹುದಾಗಿತ್ತು. ಆರು ತಟ್ಟೆಗಳ ಕಟ್ಟಿಗೆ ಸುಮಾರು ೧೦ ಪೌಂಡು ತೂಕ. ನಿರ್ವಾಹಕನು ಮುಚ್ಚಳ ತೆರೆದು ಕಟ್ಟನ್ನು ಕಂಬದ ಮೇಲೆ ಕೂರಿಸಿ, ಹಿಡಿಯನ್ನು ತಿರುಗಿಸಿ ಅದರ ಹೊದಿಕೆಯನ್ನು ಕಳಚಿ, ಮುಚ್ಚಳ ಹಾಕಿ ಯಂತ್ರವನ್ನು ನಡೆಸಬೇಕು. ವೇಗ ಬಂದ ಮೇಲೆ, ತಟ್ಟೆಗಳೇ ಸೆಳೆದ ಗಾಳಿಯ ಮೇಲೆ ಓದುವ ತುದಿಗಳು ತೇಲುತ್ತಿದ್ದವು. ಆ ಅಂತರ ಕೂದಲೆಳೆಗಿಂತಲೂ ಕಿರಿದು. ಧೂಳಿನ ಕಣವೊಂದು ನುಗ್ಗಿದರೂ ಕೇಡು. ಇಷ್ಟು ದೊಡ್ಡ ಯಂತ್ರದ ಕ್ಷೇಮ ನಿರ್ವಾಹಕನ ಶುಚಿತ್ವವನ್ನು ನಂಬಿಕೊಂಡಿತ್ತು.

ಜಾನ್ಸನ್‌ರು ೧೯೭೧ರಲ್ಲಿ ನಿವೃತ್ತರಾದರು. ತೊಂಬತ್ತಕ್ಕೂ ಹೆಚ್ಚು ಪೇಟೆಂಟುಗಳಿಗೆ ಅವರು ಒಡೆಯರು. ೧೯೮೬ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ದೊರೆಯಿತು. ೧೯೯೮ರಲ್ಲಿ ಅವರು ಕಾಲವಾದರು.

ಉತ್ತರಪತ್ರಿಕೆ ತಿದ್ದುವ ಗುರುವಿನ ಬೇಸರ, ಕಾರ್ಡು ಹುಡುಕುವ ಗುಮಾಸ್ತನ ಬಳಲಿಕೆ ಇವೆರಡೂ ಎಲ್ಲರ ಕಣ್ಣಿಗೂ ಬಿದ್ದ ಸಂಗತಿಗಳೇ. ಅವುಗಳಿಗೆ ಪರಿಹಾರವುಂಟೆಂದು ನಂಬಿ, ನಿರಾಕರಣೆಗೂ ಸಂದೇಹಕ್ಕೂ ಕುಗ್ಗದೆ ದುಡಿದುದು ಜಾನ್ಸನ್‌ರ ಹಿರಿಮೆ. ಇಂದಿಗೂ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಸುತ್ತುತ್ತಿರುವ ತಟ್ಟೆಗಳು ಆ ದುಡಿಮೆಯನ್ನು ನೆನಪಿಸುತ್ತವೆ.